ಹಣೆಬರಹದ ಪಿಡಿಎಫ್: ಶುಗರ್ ‘ವಂಶದಲ್ಲೇ ಇದೆ’ ಅಂದರೆ ಏನು?

ಹೋದ ತಿಂಗಳು ನಮ್ಮ ಭಾವನಿಂದ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ಭಾವ ಅಂದರೆ ಸೋದರತ್ತೆಯ ಮಗ. ವಯಸ್ಸು 46, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿ, ಪುಟ್ಟ ಟ್ಯೂಬಿನಲ್ಲಿ ಉಗುಳಿ, ಕೊರಿಯರ್‌ನಲ್ಲಿ ವಾಪಸ್ ಕಳಿಸಿದ್ದರಂತೆ. ಕೆಲವು ವಾರಕ್ಕೆ 38 ಪುಟದ ವರದಿ ಬಂದಿದೆ. ಹದಿನಾಲ್ಕನೇ ಪುಟದಲ್ಲಿ ಕೆಂಪು ಪಟ್ಟಿಯೊಳಗೆ ಹೀಗಿತ್ತು: ‘ಟೈಪ್ 2 ಡಯಾಬಿಟಿಸ್, ಅಪಾಯ ಸರಾಸರಿಗಿಂತ ಹೆಚ್ಚು’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಟಿಸಿಎಫ್7ಎಲ್2: ಟಿಟಿ’.

ಹಿಂದೆಯೇ ಒಂದು ವಾಯ್ಸ್ ಮೆಸೇಜು. "ನೋಡಪ್ಪಾ, ಅಜ್ಜಿಗಿತ್ತು, ಅಮ್ಮನಿಗಿದೆ. ಈಗ ನಂಗೂ ಬರುತ್ತೆ ಅಂತ ಇವರೇ ಬರೆದು ಕೊಟ್ಟಿದ್ದಾರೆ. ಇನ್ನು ಬೆಳಗ್ಗೆ ಐದೂವರೆಗೆ ಎದ್ದು ವಾಕಿಂಗ್ ಹೋಗಿ ಏನು ಸಾಧಿಸ್ಬೇಕು?"

ಆ ಅಜ್ಜಿ ನನಗೂ ಅಜ್ಜಿಯೇ. ನಮ್ಮ ಅಪ್ಪನಿಗೂ ಶುಗರ್ ಇದೆ. ಹಾಗಾಗಿ ಪಿಡಿಎಫ್ ಪೂರ್ತಿ ಓದಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಭಾವ ಅದನ್ನು ಹಣೆಬರಹದ ಹಾಗೆ ಓದಿಕೊಂಡಿದ್ದಾರೆ, ಅಷ್ಟೇ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಓದುವುದೂ ಹಾಗೆಯೇ.

ಮೊದಲು ಆ ‘ಟಿಟಿ’ ಏನು ಅಂತ ನೋಡೋಣ. ನಮ್ಮ ಡಿಎನ್‌ಎ ನಾಲ್ಕೇ ಅಕ್ಷರದಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರ ಉದ್ದದ ಬರಹ. ಅದರ ಎರಡು ಪ್ರತಿ ನಮ್ಮ ಹತ್ತಿರ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಹೆಚ್ಚಿನ ಜಾಗಗಳಲ್ಲಿ ಎಲ್ಲರದ್ದೂ ಒಂದೇ ಅಕ್ಷರ. ಕೆಲವು ಜಾಗಗಳಲ್ಲಿ ಮಾತ್ರ ಒಬ್ಬರಿಗೊಂದು, ಇನ್ನೊಬ್ಬರಿಗೊಂದು. ಟಿಸಿಎಫ್7ಎಲ್2 ಅನ್ನುವ ಜೀನಿನೊಳಗೆ ಅಂಥ ಒಂದು ಜಾಗ ಇದೆ. ಬಹಳ ಜನರಿಗೆ ಅಲ್ಲಿ ‘ಸಿ’, ಕೆಲವರಿಗೆ ‘ಟಿ’. 2006ರಲ್ಲಿ ಐಸ್‌ಲ್ಯಾಂಡಿನ ಡಿಕೋಡ್ ಜೆನೆಟಿಕ್ಸ್ ಸಂಸ್ಥೆಯವರು ಈ ಜೀನಿಗೂ ಟೈಪ್ 2 ಡಯಾಬಿಟಿಸ್‌ಗೂ ನಂಟಿದೆ ಅಂತ ತೋರಿಸಿದರು. ಮರುವರ್ಷವೇ ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಪುಣೆಯ ತಜ್ಞರು ಸೇರಿ ಭಾರತೀಯರಲ್ಲೂ ಅದು ನಿಜ ಅಂತ ಕಂಡುಕೊಂಡರು. ಒಂದು ‘ಟಿ’ ಇದ್ದರೆ ಅಪಾಯ ಹೆಚ್ಚುಕಮ್ಮಿ 40% ಜಾಸ್ತಿ. ಎರಡಿದ್ದರೆ ದುಪ್ಪಟ್ಟಿಗೆ ಹತ್ತಿರ. ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳ ಪೈಕಿ ಇಷ್ಟು ಬಲವಾದದ್ದು ಇನ್ನೊಂದು ಸಿಕ್ಕಿಲ್ಲ. ಅಪರೂಪದ್ದೂ ಅಲ್ಲ. ನಮ್ಮ ಕಡೆ ಅಂದಾಜು ಹತ್ತರಲ್ಲಿ ಒಬ್ಬರು ‘ಟಿಟಿ’.

ಇಲ್ಲಿ ಭಾವ ಗಮನಿಸದ ಒಂದು ವಿಷಯ ಇದೆ. ಎರಡು ‘ಟಿ’ ಅಂದರೆ ಒಂದು ಅತ್ತೆಯಿಂದ ಬಂದದ್ದು. ಇನ್ನೊಂದು? ಮಾವನಿಂದಲೇ ಬಂದಿರಬೇಕು. ಮಾವನಿಗೆ 76 ವರ್ಷ, ಇವತ್ತಿಗೂ ದಿನಾ ತೋಟಕ್ಕೆ ನಡೆದೇ ಹೋಗಿ ಬರುತ್ತಾರೆ, ಶುಗರ್ ಇಲ್ಲ. ಮನೆಯಲ್ಲಿ ಎಲ್ಲರೂ ‘ಅಮ್ಮನ ಕಡೆಯದು’ ಅಂತ ಅತ್ತೆಯ ತಲೆಗೆ ಕಟ್ಟಿದ್ದರಲ್ಲಿ ಅರ್ಧ ಪಾಲು ಮಾವನದ್ದು! ಅಪಾಯದ ಅಕ್ಷರ ಹೊತ್ತುಕೊಂಡೇ 76 ವರ್ಷ ಶುಗರ್ ಇಲ್ಲದೆ ಬದುಕಿರುವ ಮನುಷ್ಯ ಅದೇ ಮನೆಯ ಜಗಲಿಯ ಮೇಲೆ ಕೂತಿದ್ದಾರೆ.

ಇನ್ನು ಆ ‘ದುಪ್ಪಟ್ಟು’. ಯಾವುದರ ದುಪ್ಪಟ್ಟು ಅಂತ ಕೇಳಬೇಕು ಅಲ್ವಾ? 2020ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಭಾರತದ ಮಹಾನಗರಗಳಲ್ಲಿ ಇವತ್ತು 20 ವರ್ಷದವರಾಗಿರುವ ಗಂಡಸರಲ್ಲಿ ಸುಮಾರು 55%, ಹೆಂಗಸರಲ್ಲಿ ಸುಮಾರು 65% ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಡಯಾಬಿಟಿಸ್ ಬರುತ್ತದೆ. 55ರ ದುಪ್ಪಟ್ಟು 110 ಆಗಲಾರದು. ಜೀನ್ ಅಧ್ಯಯನಗಳ ‘ದುಪ್ಪಟ್ಟು’ ಬೆಟ್ಟಿಂಗಿನವರ ಲೆಕ್ಕದ ಥರ, ಬರುವವರು ಎಷ್ಟು, ಬಾರದವರು ಎಷ್ಟು ಅನ್ನುವ ಅನುಪಾತದ್ದು. ಅದಿರಲಿ, ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಊರಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರುವ ಕಾಯಿಲೆಯಲ್ಲಿ ‘ನಿಮಗೆ ಅಪಾಯ ಹೆಚ್ಚು’ ಅಂತ ಕೆಂಪು ಪಟ್ಟಿ ಕೊಟ್ಟರೆ, ಆ ಪಟ್ಟಿ ಸಿಗದವರು ನೆಮ್ಮದಿಯಾಗಿ ಮಲಗಬಹುದು ಅಂತ ಅರ್ಥವೇ? ಹಸಿರು ಪಟ್ಟಿ ಸಿಕ್ಕವರದ್ದೇ ನನಗೆ ಜಾಸ್ತಿ ಚಿಂತೆ.

ಈ ಅಕ್ಷರ ದೇಹದಲ್ಲಿ ಮಾಡುವುದೇನು? ಅದನ್ನು ಬೆಂಗಳೂರಿನ ಮನೆಯ ಮೋಟಾರಿನ ಲೆಕ್ಕದಲ್ಲಿ ಹೇಳಬಹುದು. ತರ್ಟಿ-ಫಾರ್ಟಿ ಸೈಟಿನಲ್ಲಿ ಒಂದು ಮನೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತಲು ಅರ್ಧ ಎಚ್‌ಪಿ ಮೋಟಾರು. ಸಲೀಸಾಗಿ ನಡೆಯುತ್ತಿತ್ತು. ಆಮೇಲೆ ಮಗನಿಗೆ ಅಂತ ಒಂದು ಮಹಡಿ, ಬಾಡಿಗೆಗೆ ಅಂತ ಅದರ ಮೇಲೊಂದು ಎದ್ದವು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಪೈಪೂ ಕಿರಿದಾಯಿತು. ಮೋಟಾರು ಮಾತ್ರ ಅದೇ. ಒಂದಷ್ಟು ವರ್ಷ ಬಿಸಿಯಾಗಿ, ಗೊರಗೊರ ಅಂದು, ಕೊನೆಗೆ ಒಂದಿನ ನೀರು ಮೇಲೆ ಹತ್ತುವುದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳೇ ಈ ಮೋಟಾರು. ಲಿವರ್, ಮಾಂಸಖಂಡಗಳು ಇನ್ಸುಲಿನ್ನಿನ ಮಾತು ಕೇಳದಿರುವುದು ಪೈಪು ಕಟ್ಟಿಕೊಂಡ ಹಾಗೆ. ಕೂತು ಮಾಡುವ ಕೆಲಸ, ಹೊಟ್ಟೆಯ ಬೊಜ್ಜು, ತಟ್ಟೆಯ ತುಂಬ ಅನ್ನ ಇವೆಲ್ಲ ಮೇಲಿನ ಮಹಡಿಗಳು.

ಟೈಪ್ 2ಕ್ಕೆ ಸಂಬಂಧಪಟ್ಟ ಜೀನ್ ವ್ಯತ್ಯಾಸಗಳಲ್ಲಿ ದೊಡ್ಡ ಪಾಲು ಮೋಟಾರಿನ ತಾಕತ್ತಿಗೆ ಸೇರಿದ್ದು. ಟಿಸಿಎಫ್7ಎಲ್2ರ ‘ಟಿ’ ಕೂಡ ಅಲ್ಲೇ ಕೈಯಾಡಿಸುತ್ತದೆ. ಊಟ ಆದಾಗ ಕರುಳಿನಿಂದ ‘ಸಕ್ಕರೆ ಬರ್ತಿದೆ, ಇನ್ಸುಲಿನ್ ಬಿಡು’ ಅಂತ ಒಂದು ಸೂಚನೆ ಹೋಗುತ್ತದೆ. ‘ಟಿ’ ಇದ್ದವರ ಬೀಟಾ ಕೋಶಗಳು ಆ ಸೂಚನೆಗೆ ಸ್ವಲ್ಪ ಸೋಮಾರಿಯಾಗಿ ಓಗೊಡುತ್ತವೆ. ಇಲ್ಲಿ ಜೀನ್ ಕೆಟ್ಟಿದೆ ಅಂತೇನೂ ಅಲ್ಲ. ಈ ಅಕ್ಷರ ಇರುವುದು ಪ್ರೋಟೀನಿನ ಸೂತ್ರ ಬರೆದ ಭಾಗದಲ್ಲಲ್ಲ, ಪಕ್ಕದ ಖಾಲಿ ಅನ್ನಿಸುವ ಜಾಗದಲ್ಲಿ. ಫ್ಯಾನು ಸರಿಯಾಗೇ ಇದೆ, ರೆಗ್ಯುಲೇಟರ್ ಐದರ ಬದಲು ನಾಲ್ಕರಲ್ಲಿದೆ, ಅಷ್ಟೇ.

ಇಂಥ ರೆಗ್ಯುಲೇಟರ್‌ಗಳು ಎಷ್ಟಿವೆ? 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 25 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಜಾಲಾಡಿತು. ಅವರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಡಯಾಬಿಟಿಸ್ ಇದ್ದವರು. ಜೀನೋಮಿನಲ್ಲಿ, ಅಂದರೆ ಆ ಪೂರ್ತಿ ಡಿಎನ್‌ಎ ಬರಹದಲ್ಲಿ, ಡಯಾಬಿಟಿಸ್‌ಗೆ ನಂಟಿರುವ 611 ಜಾಗಗಳು ಸಿಕ್ಕವು. ಒಂದೊಂದರ ಪರಿಣಾಮ ಸಾಸಿವೆಯಷ್ಟು. ಎಲ್ಲ ಕೆಟ್ಟವೂ ಒಬ್ಬರಿಗೇ ಬರುವುದಿಲ್ಲ, ಎಲ್ಲ ಒಳ್ಳೆಯವೂ ಒಬ್ಬರಿಗೇ ಬರುವುದಿಲ್ಲ. ಕೆಲವು ಕಾಪಾಡುವಂಥವೂ ಇವೆ. ಎಸ್‌ಎಲ್‌ಸಿ30ಎ8 ಅನ್ನುವ ಜೀನಿನ ಒಂದು ಪ್ರತಿ ಪೂರ್ತಿ ಕೆಟ್ಟಿರುವವರಿಗೆ ಟೈಪ್ 2 ಅಪಾಯ ಸುಮಾರು 65% ಕಡಿಮೆ ಅಂತ 2014ರಲ್ಲಿ ಗೊತ್ತಾಯಿತು. ಜೀನ್ ಕೆಟ್ಟರೆ ಕಾಯಿಲೆ ಅನ್ನುವ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು.

ಒಂದೇ ಅಕ್ಷರ ಭಾರಿ ಏಟು ಕೊಡುವ ಉದಾಹರಣೆಯೂ ಇಲ್ಲದಿಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಟ್ ಜನರಲ್ಲಿ ಟಿಬಿಸಿ1ಡಿ4 ಜೀನಿನ ಒಂದು ವ್ಯತ್ಯಾಸ ಇದೆ. ಅದರ ಎರಡು ಪ್ರತಿ ಇದ್ದವರಿಗೆ ಡಯಾಬಿಟಿಸ್ ಸಂಭವ ಹತ್ತು ಪಟ್ಟು. ಅವರ ಮಾಂಸಖಂಡಗಳು ಊಟದ ನಂತರದ ಸಕ್ಕರೆಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಸೀಲ್, ಮೀನು ತಿಂದುಕೊಂಡಿದ್ದ ಕಾಲದಲ್ಲಿ ಬಹುಶಃ ಇದು ಯಾರಿಗೂ ತೊಂದರೆ ಕೊಟ್ಟಿರಲಿಕ್ಕಿಲ್ಲ. ಆದರೆ ಅದು ಗ್ರೀನ್‌ಲ್ಯಾಂಡಿನ ಕಥೆ. ನಮ್ಮ ಬಸವನಗುಡಿಯ ಅಥವಾ ದಾವಣಗೆರೆಯ ಶುಗರಿಗೆ ಅಂಥ ಒಬ್ಬನೇ ಖಳನಾಯಕ ಇಲ್ಲ.

ಹಾಗಾದರೆ ಮನೆಮಂದಿಗೆಲ್ಲ ಸಾಲಾಗಿ ಬರುವುದು ಯಾಕೆ? ಜೀನ್ ಒಂದು ಕಾರಣ, ಖಂಡಿತ. ಆದರೆ ಒಂದು ಮನೆಯವರು ಹಂಚಿಕೊಳ್ಳುವುದು ಜೀನನ್ನು ಮಾತ್ರವೇ? ಅದೇ ಎಣ್ಣೆಯ ಡಬ್ಬ, ಅದೇ ಸಾರು, ಅದೇ ರಾತ್ರಿ ಹತ್ತರ ಊಟ, ಅದೇ ಸೋಫಾ. ‘ಅಂಗಡಿಗೆ ಸ್ಕೂಟರ್ ತಗೊಂಡು ಹೋಗು’ ಅನ್ನುವ ಅದೇ ಮಾತು. ಇದೂ ಪಿತ್ರಾರ್ಜಿತವೇ.

ಎರಡನ್ನೂ ಬಿಡಿಸಿ ನೋಡುವ ಅವಕಾಶ ವಿಜ್ಞಾನಿಗಳಿಗೆ ಅಪರೂಪಕ್ಕೆ ಸಿಗುತ್ತದೆ. ಅಮೆರಿಕದ ಅರಿಝೋನಾದ ಪೀಮಾ ಜನರದ್ದು ಅಂಥ ಒಂದು ಕಥೆ. ಮರಳುಗಾಡಿನಲ್ಲಿ ಗೀಲಾ ನದಿಯ ನೀರು ಹಾಯಿಸಿ ಬೇಸಾಯ ಮಾಡುತ್ತಿದ್ದವರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೇಲಿನ ಭಾಗದಲ್ಲಿ ನೆಲೆಸಿದ ಬಿಳಿಯರು ನೀರು ತಿರುಗಿಸಿಕೊಂಡರು. ಬೇಸಾಯ ಹೋಯಿತು. ಸರ್ಕಾರ ಕೊಟ್ಟ ಮೈದಾಹಿಟ್ಟು, ಕೊಬ್ಬು, ಸಕ್ಕರೆ ಬಂದವು. ಪ್ರಪಂಚದಲ್ಲೇ ಅತಿ ಹೆಚ್ಚು ಡಯಾಬಿಟಿಸ್ ಇರುವ ಜನ ಅನ್ನಿಸಿಕೊಂಡರು. ‘ಇವರ ಜೀನೇ ಹಾಗೆ’ ಅಂತ ದಶಕಗಟ್ಟಲೆ ಅಧ್ಯಯನಗಳು ನಡೆದವು. ಅವರದೇ ರಕ್ತಸಂಬಂಧಿಗಳು ಗಡಿಯಾಚೆ ಮೆಕ್ಸಿಕೋದ ಗುಡ್ಡಗಾಡಿನಲ್ಲಿ, ಮಾಯ್ಕೋಬಾ ಅನ್ನುವ ಊರಿನ ಸುತ್ತ, ಹಳೆಯ ರೀತಿಯಲ್ಲಿ ಮೈಮುರಿದು ದುಡಿದುಕೊಂಡು ಇದ್ದರು. 2006ರಲ್ಲಿ ಎರಡೂ ಕಡೆಯ ಲೆಕ್ಕ ಪ್ರಕಟವಾಯಿತು. ಅರಿಝೋನಾದಲ್ಲಿ 38%, ಮೆಕ್ಸಿಕೋದಲ್ಲಿ 6.9%. ಜೀನ್ ಬಹುಪಾಲು ಒಂದೇ, ಬದುಕು ಬೇರೆ. ನೀರು ತಿರುಗಿಸಿಕೊಂಡದ್ದು ಯಾವ ಜೀನ್ ವರದಿಯಲ್ಲೂ ಬರುವುದಿಲ್ಲ.

ಈಗ ನಮ್ಮ ಮೈಗೆ ಬರೋಣ. ಐಸಿಎಂಆರ್ ಸಮೀಕ್ಷೆಯ ಪ್ರಕಾರ, 2023ರಲ್ಲಿ ಬಂದ ಲೆಕ್ಕ, ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಡಯಾಬಿಟಿಸ್ ಇದೆ. ಇನ್ನೂ 13.6 ಕೋಟಿ ಜನ ಹೊಸ್ತಿಲ ಮೇಲಿದ್ದಾರೆ. ಇವರೆಲ್ಲ ದಪ್ಪಗಿರುವವರೇನಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ತಮಾಷೆಯ ಫೋಟೋ ಬಂದಿತ್ತು. ಇಬ್ಬರು ವೈದ್ಯ ವಿಜ್ಞಾನಿಗಳು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರ–ತೂಕದಿಂದ ತೆಗೆಯುವ ಬಿಎಂಐ ಇಬ್ಬರದ್ದೂ 22.3. ಅಂದರೆ ಇಬ್ಬರೂ ‘ನಾರ್ಮಲ್’. ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್ಕಿನ್ ಅವರದ್ದು 9.1%, ಯಾಜ್ಞಿಕ್ ಅವರದ್ದು 21.2%. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಕಡ್ಡಿಯಂಥ ಕೈಕಾಲು, ಮುಂದೆ ಪುಟ್ಟ ಗಣಪತಿ ಹೊಟ್ಟೆ, ಇದು ನಮ್ಮ ಬಹಳಷ್ಟು ಮನೆಗಳ ಮದುವೆ ಆಲ್ಬಮ್ಮಿನಲ್ಲಿ ಕಾಣುವ ಮೈಕಟ್ಟು.

ಇದಕ್ಕೆ ಜೀನ್ ಎಷ್ಟು ಕಾರಣ? ಬ್ರಿಟನ್ನಿನಲ್ಲಿರುವ ಬಾಂಗ್ಲಾದೇಶಿ, ಪಾಕಿಸ್ತಾನಿ ಮೂಲದವರ ಮೇಲೆ ಈಚೆಗೆ ನಡೆದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಸುಳಿವು ಕೊಟ್ಟಿದೆ. ಇನ್ಸುಲಿನ್ ಕಡಿಮೆ ಮಾಡುವ ಜೀನ್‌ಗಳು ಮತ್ತು ಕೊಬ್ಬನ್ನು ಚರ್ಮದಡಿ ಇಡದೆ ತಪ್ಪು ಜಾಗಕ್ಕೆ ಕಳಿಸುವ ಜೀನ್‌ಗಳು, ಎರಡೂ ಜಾಸ್ತಿ ಇರುವವರಿಗೆ ಅವು ಕಡಿಮೆ ಇರುವವರಿಗಿಂತ ಸುಮಾರು 8 ವರ್ಷ ಮೊದಲೇ ಡಯಾಬಿಟಿಸ್ ಬಂದಿತ್ತು, ಅದೂ ಕಡಿಮೆ ತೂಕದಲ್ಲಿ. ಮೋಟಾರು ಚಿಕ್ಕದು, ಅದರ ಮೇಲೆ ಕೊಬ್ಬಿನ ಗೋಡೌನೂ ಚಿಕ್ಕದು. ಗೋಡೌನ್ ತುಂಬಿದ ಮೇಲೆ ಕೊಬ್ಬು ಲಿವರಿಗೆ ಹೋಗಿ ಕೂರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 25ಕ್ಕಲ್ಲ, 23ಕ್ಕೇ ಎಚ್ಚರದ ಗಂಟೆ. ಬ್ಲಡ್ ಟೆಸ್ಟ್ ಮಾಡಿಸೋಣ ಅಂದರೆ ‘ನಾನೇನು ದಪ್ಪ ಇದ್ದೀನಾ?’ ಅನ್ನುವವರಿಗೆ ಇದೇ ಉತ್ತರ.

ಆದರೆ ಹುಟ್ಟಿನಿಂದ ಬರುವುದೆಲ್ಲ ಜೀನಿನಿಂದಲೇ ಬರಬೇಕು ಅಂತಿಲ್ಲ. ಇದನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಸೂಲಗಿತ್ತಿ ನರ್ಸುಗಳು ಲೆಡ್ಜರಿನಲ್ಲಿ ಬರೆದಿಟ್ಟಿದ್ದರು. ಯಾಕೆ ಬೇಕಾಗುತ್ತೆ ಅಂತ ಬರೆದವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಸುಮ್ನೆ ನೀಟಾಗಿ ಬರೆದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಲೆಡ್ಜರ್ ಹಿಡಿದು ಮೈಸೂರಿನ ಬೀದಿಗಳಲ್ಲಿ ಆ ‘ಮಕ್ಕಳನ್ನು’ ಹುಡುಕಿದರು. 500ಕ್ಕೂ ಹೆಚ್ಚು ಜನ ಸಿಕ್ಕರು, ಆಗಲೇ ನಡುವಯಸ್ಸಿನವರು. ಶುಗರ್ ಪರೀಕ್ಷೆ ಮಾಡಿದರು.

ಇಂಗ್ಲೆಂಡಿನಲ್ಲಿ ಇಂಥದ್ದೇ ಅಧ್ಯಯನ ಮಾಡಿದಾಗ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಡಯಾಬಿಟಿಸ್ ಜಾಸ್ತಿ ಕಂಡಿತ್ತು. ಮೈಸೂರಿನ ಫಲಿತಾಂಶ ಬೇರೆಯೇ ಬಂತು. 1998ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಇದ್ದವರಿಗೆ, ಮತ್ತು ಅಮ್ಮಂದಿರ ತೂಕ ಜಾಸ್ತಿ ಇದ್ದವರಿಗೆ ಡಯಾಬಿಟಿಸ್ ಹೆಚ್ಚು. ಬಸುರಿಯಾಗಿದ್ದಾಗ ಅಮ್ಮಂದಿರಿಗೇ ಶುಗರ್ ಇತ್ತೇನೋ ಅನ್ನುವ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲೆಂದೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನನ್’ ಅಧ್ಯಯನ ಶುರುವಾಯಿತು. ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಬಸಿರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಿಗೆ ಒಂಬತ್ತು–ಹತ್ತು ವರ್ಷಕ್ಕೇ ಮೈಕೊಬ್ಬು ಜಾಸ್ತಿ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ. ಅಪ್ಪನಿಗೆ ಶುಗರ್ ಇದ್ದ ಮಕ್ಕಳಲ್ಲಿ ಈ ಪ್ರಭಾವ ಅಷ್ಟು ಬಲವಾಗಿರಲಿಲ್ಲ.

ಈ ಕೊನೆಯ ವಾಕ್ಯದ ಮೇಲೆ ಸ್ವಲ್ಪ ನಿಲ್ಲಬೇಕು. ಅಪ್ಪನೂ ಅರ್ಧ ಜೀನ್ ಕೊಡುತ್ತಾನೆ, ಅಮ್ಮನೂ ಅರ್ಧ ಕೊಡುತ್ತಾಳೆ. ಎಲ್ಲ ಜೀನಿನಿಂದಲೇ ಆಗಿದ್ದರೆ ಇಬ್ಬರ ಪ್ರಭಾವವೂ ಹೆಚ್ಚುಕಮ್ಮಿ ಸಮ ಇರಬೇಕಿತ್ತು. ಇಲ್ಲ ಅಂದರೆ ಅಮ್ಮನಿಂದ ಇನ್ನೇನೋ ಬಂದಿದೆ, ಒಂಬತ್ತು ತಿಂಗಳು ಮಗು ಈಜಿದ ರಕ್ತದ ಸಕ್ಕರೆ. ಅದು ವಂಶದಿಂದ ಬಂದದ್ದೇ, ಆದರೆ ಡಿಎನ್‌ಎಯಲ್ಲಿ ಬರೆದದ್ದಲ್ಲ. ಟ್ಯೂಬಿನಲ್ಲಿ ಉಗುಳಿದರೆ ಕಾಣುವುದಿಲ್ಲ. ಬಸುರಿ ಹೆಣ್ಣುಮಗಳ ಶುಗರನ್ನು ಹತೋಟಿಯಲ್ಲಿಟ್ಟರೆ ಎರಡು ತಲೆಮಾರಿಗೆ ಒಟ್ಟಿಗೇ ಔಷಧ ಕೊಟ್ಟ ಹಾಗೆ. ಭಾವನ ವರದಿಯ 38 ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಆ ವರದಿಯ ಇನ್ನೊಂದು ಕೊರತೆ ಹೇಳಬೇಕು. ನೂರಾರು ಅಕ್ಷರಗಳನ್ನು ಕೂಡಿಸಿ ಕೊಡುವ ಅಪಾಯದ ಅಂಕ ಇದೆಯಲ್ಲ, ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಹೆಚ್ಚಿನ ಪಾಲು ಯುರೋಪಿನ ಮೂಲದವರದ್ದು. ಬೇರೆಯವರ ಅಳತೆಗೆ ಹೊಲಿದ ಅಂಗಿ ನಮಗೆ ಭುಜದಲ್ಲಿ ಬಿಗಿ, ಹೊಟ್ಟೆಯಲ್ಲಿ ಸಡಿಲ. ಭಾರತೀಯರನ್ನೇ ಪರೀಕ್ಷಿಸಿದಾಗ ಹೊಸ ಜಾಗಗಳು ಸಿಕ್ಕಿದ್ದುಂಟು, 2013ರಲ್ಲಿ ಕಂಡ ಟಿಎಂಇಎಂ163 ಅಂಥದ್ದು. ಈಗ ಜೀನೋಮ್ ಇಂಡಿಯಾ ಅನ್ನುವ ಯೋಜನೆ 83 ಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನೋಮ್ ಓದಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಇದರ ಮುಂದಾಳು. 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟರು. ನಮ್ಮ ಅಳತೆಗೆ ಅಂಗಿ ಹೊಲಿಯಲು ಬಟ್ಟೆ ಬಂದಿದೆ, ಹೊಲಿಗೆ ಇನ್ನೂ ಬಾಕಿ.

ಇಲ್ಲೊಂದು ಪ್ರಶ್ನೆ ನಮ್ಮ ಕಡೆ ತಪ್ಪದೆ ಬರುತ್ತದೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದರೆ ಮಕ್ಕಳಿಗೆ ಶುಗರ್ ಬರುತ್ತಾ? ಒಳಸಂಬಂಧದಲ್ಲಿ ನಿಜವಾಗಿ ಹೆಚ್ಚುವುದು, ಒಂದೇ ಕೆಟ್ಟ ಜೀನಿನ ಎರಡು ಪ್ರತಿ ಮಗುವಿಗೆ ಸೇರುವ ಸಾಧ್ಯತೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಬರುವ ಅಪರೂಪದ ಡಯಾಬಿಟಿಸ್‌ಗಳಲ್ಲಿ ಕೆಲವು ಹಾಗೆ ಬರುತ್ತವೆ. ನಲವತ್ತರಲ್ಲಿ ಬರುವ ಮಾಮೂಲಿ ಟೈಪ್ 2ರ ಹೊಣೆಯನ್ನೆಲ್ಲ ಮಾತ್ರ ಆ ಮದುವೆಯೊಂದರ ತಲೆಗೇ ಕಟ್ಟಬೇಡಿ.

ಟೈಪ್ 1 ಬೇರೆಯದೇ ವ್ಯವಹಾರ. ಅಲ್ಲಿ ದೇಹದ ಕಾವಲುಗಾರರೇ ಬೀಟಾ ಕೋಶಗಳನ್ನು ಕೊಲ್ಲುತ್ತಾರೆ. ಎಚ್‌ಎಲ್‌ಎ ಅನ್ನುವ ರೋಗನಿರೋಧಕ ಜೀನ್‌ಗಳ ಪಾತ್ರ ದೊಡ್ಡದು, ಜೀನಿನಿಂದ ಬರುವ ಅಪಾಯದ ಹೆಚ್ಚುಕಮ್ಮಿ ಅರ್ಧ ಅವುಗಳದ್ದೇ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಅರ್ಧದಷ್ಟು ಸಲ ಮಾತ್ರ. ಟೈಪ್ 1 ಬಂದ ಬಹುಪಾಲು ಮಕ್ಕಳ ಮನೆಯಲ್ಲಿ ಅದಕ್ಕೆ ಮೊದಲು ಯಾರಿಗೂ ಆ ಕಾಯಿಲೆ ಇರುವುದಿಲ್ಲ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ನಿನ್ನ ಕಡೆಯಿಂದಲೇ’ ಅಂತ ಸೊಸೆಯನ್ನು ಚುಚ್ಚುವ ಅತ್ತೆಯರು ಇದನ್ನು ಎರಡು ಸಲ ಓದಬೇಕು.

ಹಾಗಾದರೆ ಜೀನ್ ಟೆಸ್ಟ್ ದಂಡವೇ? ಇಲ್ಲ. ಅದು ಬೇಕಾದವರು ಬೇರೆ. ಆರು ತಿಂಗಳು ತುಂಬುವ ಮೊದಲೇ ಡಯಾಬಿಟಿಸ್ ಬಂದ ಮಗುವನ್ನು ನೆನೆಸಿಕೊಳ್ಳಿ. ದಿನಕ್ಕೆ ಎಷ್ಟೋ ಸಲ ಸೂಜಿ. ಇಂಥ ಮಕ್ಕಳಲ್ಲಿ ಹಲವರಿಗೆ ಕೆಸಿಎನ್‌ಜೆ11 ಅನ್ನುವ ಒಂದೇ ಜೀನಿನಲ್ಲಿ ತೊಂದರೆ ಅಂತ 2004ರಲ್ಲಿ ತಿಳಿಯಿತು. ಬೀಟಾ ಕೋಶದಲ್ಲಿ ಇನ್ಸುಲಿನ್ ತಯಾರಾಗಿರುತ್ತದೆ, ಬಾಗಿಲು ತೆರೆಯುವುದಿಲ್ಲ. ಆ ಬಾಗಿಲು ತೆರೆಯುವ ಮಾತ್ರೆ ಹಳೆಯದು, ಅಗ್ಗದ್ದು, ಗ್ಲಿಬೆನ್‌ಕ್ಲಮೈಡ್. 2006ರಲ್ಲಿ ಬಂದ ವರದಿಯಲ್ಲಿ ಇಂಥ 49 ಜನರಿಗೆ ಮಾತ್ರೆ ಕೊಟ್ಟು ನೋಡಿದಾಗ 44 ಜನ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ಬಿಟ್ಟರು. ಒಂದು ಜೀನ್ ವರದಿ ಸೂಜಿಯನ್ನು ಮಾತ್ರೆಗೆ ಬದಲಾಯಿಸಿತು.

ಮೋಡಿ ಅನ್ನುವ ಬಗೆಯೂ ಹೀಗೆಯೇ. ಹೆಸರು ಕೇಳಿ ನಗಬೇಡಿ, ಎಳೆವಯಸ್ಸಿನಲ್ಲಿ ಬರುವ ಒಂದು ಜಾತಿಯ ಡಯಾಬಿಟಿಸ್‌ನ ಇಂಗ್ಲಿಷ್ ಸಂಕ್ಷೇಪ ಅದು. ತೆಳ್ಳಗಿನ ಹುಡುಗ ಅಥವಾ ಹುಡುಗಿ, ಇಪ್ಪತ್ತೈದರೊಳಗೆ ಶುಗರ್, ಮೂರು ತಲೆಮಾರಿನಲ್ಲಿ ಸಾಲಾಗಿ ಎಳೆವಯಸ್ಸಿಗೇ ಬಂದಿದೆ, ಇನ್ಸುಲಿನ್ ತಪ್ಪಿದರೂ ಟೈಪ್ 1ರ ಹಾಗೆ ಪ್ರಾಣಕ್ಕೆ ಬರುವುದಿಲ್ಲ. ಹೀಗಿದ್ದರೆ ವೈದ್ಯರು ಅನುಮಾನ ಪಡಬೇಕು. ಎಚ್‌ಎನ್‌ಎಫ್1ಎ ಜೀನಿನದಾದರೆ ಕಡಿಮೆ ಡೋಸಿನ ಅದೇ ಹಳೆಯ ಬಗೆಯ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಜಿಸಿಕೆ ಜೀನಿನದಾದರೆ, ಬಸಿರಿನ ಸಮಯ ಬಿಟ್ಟು, ಸಾಮಾನ್ಯವಾಗಿ ಔಷಧವೇ ಬೇಡ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಇದರ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಇಂಥವರು ನೂರು ಡಯಾಬಿಟಿಸ್ ರೋಗಿಗಳಲ್ಲಿ ಒಬ್ಬಿಬ್ಬರು ಇರಬಹುದು. ಟೈಪ್ 1 ಅಥವಾ ಟೈಪ್ 2 ಅನ್ನುವ ಚೀಟಿ ಅಂಟಿಸಿಕೊಂಡು ಜೀವಮಾನವಿಡೀ ಬೇರೆ ಔಷಧ ತಗೊಂಡವರು ಇವರಲ್ಲಿ ಎಷ್ಟೋ ಜನ. ನಿಜವಾಗಿ ಜೀನ್ ಟೆಸ್ಟ್ ಬೇಕಾದ ಈ ಮಕ್ಕಳಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ನಮ್ಮ ಭಾವನಂಥವರು ಆಫರ್ ಇತ್ತು ಅಂತ ಎರಡು ಕಿಟ್ ತರಿಸುತ್ತಾರೆ.

ಭಾವನ ಪ್ರಶ್ನೆಗೆ ಉತ್ತರ ಬಾಕಿ ಇದೆ. ವಾಕಿಂಗ್ ಹೋಗಿ ಏನು ಸಾಧಿಸಬೇಕು? ಅದೃಷ್ಟಕ್ಕೆ ಇದೇ ಪ್ರಶ್ನೆಯನ್ನು ಇದೇ ‘ಟಿಟಿ’ಯವರ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗುಂಪು ಮಾಡಿ ಒಂದು ದೊಡ್ಡ ಪ್ರಯೋಗ ನಡೆಸಿದ್ದರು. ಒಂದು ಗುಂಪಿಗೆ ಬರೀ ಹುಸಿಮಾತ್ರೆ. ಇನ್ನೊಂದಕ್ಕೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ, ತೂಕದಲ್ಲಿ 7% ಇಳಿಕೆಯ ಗುರಿ. 2002ರ ಫಲಿತಾಂಶದಲ್ಲಿ ಎರಡನೇ ಗುಂಪಿನಲ್ಲಿ ಡಯಾಬಿಟಿಸ್ 58% ಕಡಿಮೆ ಆಗಿತ್ತು. 2006ರಲ್ಲಿ ಅದೇ ಜನರ ಟಿಸಿಎಫ್7ಎಲ್2 ನೋಡಿದರು. ಹುಸಿಮಾತ್ರೆಯ ಗುಂಪಿನಲ್ಲಿ ‘ಟಿಟಿ’ಯವರಿಗೆ ‘ಸಿಸಿ’ಯವರಿಗಿಂತ ಅಪಾಯ ಸುಮಾರು 80% ಜಾಸ್ತಿ. ನಡಿಗೆಯ ಗುಂಪಿನಲ್ಲಿ ಆ ವ್ಯತ್ಯಾಸ ಸುಮಾರು 15%ಕ್ಕೆ ಇಳಿದಿತ್ತು, ಅಂಕಿಅಂಶದ ಲೆಕ್ಕದಲ್ಲಿ ಇಲ್ಲ ಅಂತಲೇ ಹೇಳುವಷ್ಟು. ಮೋಟಾರು ಚಿಕ್ಕದಿದ್ದವರು ಮೇಲಿನ ಮಹಡಿ ಇಳಿಸಿಕೊಂಡರು, ನೀರು ಹತ್ತಿತು.

ನಮ್ಮಲ್ಲೂ ಹೀಗೇ ಆಗುತ್ತಾ? ಚೆನ್ನೈನಲ್ಲಿ ನಡೆದ ಇಂಥದ್ದೇ ಪ್ರಯೋಗದಲ್ಲಿ, ಅದೂ 2006ರದ್ದೇ, ಬರೀ ಊಟ–ನಡಿಗೆಯ ಬದಲಾವಣೆಯಿಂದ ಅಪಾಯ 28.5% ಇಳಿಯಿತು. ಅಮೆರಿಕದ ಅರ್ಧ. ಆದರೂ ಮೂರು ವರ್ಷದಲ್ಲಿ ಏನೂ ಮಾಡದವರ ಪೈಕಿ 55% ಜನರಿಗೆ ಡಯಾಬಿಟಿಸ್ ಬಂದಿತ್ತು, ಬದಲಾವಣೆ ಮಾಡಿಕೊಂಡವರಲ್ಲಿ 39%. ನಮ್ಮ ಮೋಟಾರಿಗೆ ಸವಾಲು ಜಾಸ್ತಿ ಅನ್ನುವುದು ಇಲ್ಲಿಯೂ ಕಾಣುತ್ತದೆ. ನಡೆದರೆ ಬರುವುದೇ ಇಲ್ಲ ಅಂತ ಯಾರಿಗೂ ಭರವಸೆ ಕೊಡಲಾಗದು.

ಹೋದ ಭಾನುವಾರ ಭಾವನ ಮನೆಗೆ ಹೋದೆ. ಜೇಬಿನಲ್ಲಿ ಟೈಲರ್ ಟೇಪು ಇತ್ತು. ಮದ್ರಾಸಿನ ಅದೇ ಸಂಸ್ಥೆಯವರು 2005ರಲ್ಲಿ ಮಾಡಿದ ಭಾರತೀಯ ಡಯಾಬಿಟಿಸ್ ಅಪಾಯದ ಅಂಕಪಟ್ಟಿಗೆ ಉಗುಳು, ರಕ್ತ ಏನೂ ಬೇಡ. ನಾಲ್ಕು ಪ್ರಶ್ನೆ, ಒಟ್ಟು 100 ಅಂಕ. 60 ದಾಟಿದರೆ, ಅಥವಾ ಮುಟ್ಟಿದರೂ, ಅಪಾಯ ಹೆಚ್ಚು.

"ವಯಸ್ಸು 35ರಿಂದ 49ರೊಳಗೆ, 20. ಅಪ್ಪ–ಅಮ್ಮನಲ್ಲಿ ಒಬ್ಬರಿಗಿದೆ, 10. ಇಬ್ಬರಿಗೂ ಇದ್ದಿದ್ರೆ 20 ಆಗ್ತಿತ್ತು. ವಂಶಕ್ಕೆ ಇವರು ಕೊಡೋದು ನೂರಕ್ಕೆ ಅಷ್ಟೇ ಭಾವ."

"ವ್ಯಾಯಾಮ?"

"ಇಲ್ಲ, ಕೂತೇ ಕೆಲಸ. ಅದಕ್ಕೆ 30."

ಹೊಟ್ಟೆಯ ಸುತ್ತಳತೆಗೆ ಬಂದಾಗ "34 ಇಂಚು, ಪ್ಯಾಂಟ್ ಸೈಜ್ ನೋಡು" ಅಂದರು. ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ, ಟೇಪು ಹೊಟ್ಟೆಯ ಮೇಲೆಯೇ ಸುತ್ತಬೇಕು. ಸುತ್ತಿದೆ. ಭಾವ ಹೊಟ್ಟೆ ಒಳಗೆಳೆದುಕೊಂಡು ನಿಂತರು. "ಉಸಿರು ಬಿಡಿ ಭಾವ" ಅಂದೆ. ಬಿಟ್ಟರು. 98 ಸೆಂಟಿಮೀಟರ್. ಗಂಡಸರಿಗೆ 90 ದಾಟಿದರೆ 10 ಅಂಕ, 100 ಮುಟ್ಟಿದರೆ 20. ಒಟ್ಟು 70.

"ದಿನಾ ನಡೆದರೆ?"

"30 ಇದ್ದದ್ದು 20 ಆಗುತ್ತೆ. ಹೊಟ್ಟೆ 90ರೊಳಗೆ ಬಂದರೆ ಆ ಹತ್ತೂ ಹೋಗುತ್ತೆ. 50."

ಒಂದು ನಿಮಿಷ ಸುಮ್ಮನಿದ್ದು, ಟೇಪನ್ನು ನನ್ನ ಕೈಯಿಂದ ಕಿತ್ತುಕೊಂಡರು. "ನಿಲ್ಲು, ನಿಂದೂ ನೋಡೇಬಿಡೋಣ." ವಯಸ್ಸಿಗೆ 20, ಅಪ್ಪನದ್ದು 10, ಸಂಜೆಯ ನಡಿಗೆ ಇದೆ ಅಂತ 30ರ ಬದಲು 20. ಹೊಟ್ಟೆ 91. ಇನ್ನೊಂದು ಸಲ ಅಳೆಯಿರಿ ಅಂದೆ. ಅಳೆದರು. 91. ಒಟ್ಟು 60.

ಅತ್ತೆ ಅಡುಗೆಮನೆಯಿಂದ ತಟ್ಟೆಯಲ್ಲಿ ಮೈಸೂರುಪಾಕು ಹಿಡಿದು ಬಂದವರು ಇಬ್ಬರ ಮುಖ ನೋಡಿ, "ಏನ್ರೋ ಅದು, ಅಂಗಿ ಹೊಲಿಸ್ತಿದ್ದೀರಾ?" ಅಂದರು. ಸೋಮವಾರ ಬೆಳಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ, ಇಬ್ಬರೂ ಲ್ಯಾಬಿಗೆ ಹೋಗುವುದು ಅಂತ ಆಯಿತು. ಮುಕ್ಕಾಲು ಕಿಲೋಮೀಟರು. ಸ್ಕೂಟರ್ ಬೇಡ ಅಂತ ಭಾವನೇ ಹೇಳಿದರು.